200 ನಾಣ್ಯಗಳಿಂದ 26 ಲಕ್ಷದ ಲೆಕ್ಕ: ಗ್ರೀಕ್ ಬೆಳ್ಳಿ ನಾಣ್ಯಗಳ ಅಚ್ಚೆಣಿಕೆಯನ್ನು ಎಷ್ಟು ನಂಬಬಹುದು?

ಓದುಗರ ಪ್ರಶ್ನೆ: ನಾನು ಧಾರವಾಡದ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ. ಪ್ರಾಚೀನ ಗ್ರೀಸಿನ ಹಣಕಾಸಿನ ಬಗ್ಗೆ ಕಾಲೇಜಿನ ಮಕ್ಕಳಿಗೆ ಒಂದು ಉಪನ್ಯಾಸ ಕೊಡಬೇಕಾಗಿದೆ. ನಾಣ್ಯಶಾಸ್ತ್ರದ ಪರಿಚಯ ಪಾಠವೊಂದರಲ್ಲಿ ಅಭ್ಯಾಸಕ್ಕೆಂದು ಕೊಟ್ಟಿದ್ದ ಉದಾಹರಣೆ ನನ್ನನ್ನು ಕಾಡುತ್ತಿದೆ. ಒಂದು ನಗರದ ನಾಲ್ಕು ದ್ರಾಕ್ಮಾ (ಗ್ರೀಕರ ಹಣದ ಘಟಕ) ಮೌಲ್ಯದ 200 ಬೆಳ್ಳಿ ನಾಣ್ಯಗಳು ಇಂದು ಉಳಿದಿವೆ; ಅವುಗಳ ಮುಂಭಾಗವನ್ನು ಹೋಲಿಸಿದಾಗ 80 ಬೇರೆ ಬೇರೆ ಅಚ್ಚುಗಳು ಕಂಡವು; ಮೂಲದಲ್ಲಿ 133 ಅಚ್ಚುಗಳಿದ್ದವು, ಒಂದೊಂದರಿಂದ 20,000 ನಾಣ್ಯ ಬಂದವು, ಆದ್ದರಿಂದ ಒಟ್ಟು 26 ಲಕ್ಷಕ್ಕೂ ಹೆಚ್ಚು ನಾಣ್ಯ ಟಂಕಿಸಲಾಯಿತು ಎಂದು ಲೆಕ್ಕ ಮುಗಿಯುತ್ತದೆ. 200 ನಾಣ್ಯ ನೋಡಿ 26 ಲಕ್ಷ ಎನ್ನುವುದು ವಿಜ್ಞಾನವೇ, ಊಹೆಯೇ? ಕಾಣದ ಅಚ್ಚುಗಳನ್ನು ಎಣಿಸುವುದು ಹೇಗೆ? ಈ ಅಂಕಿಯನ್ನು ಮಕ್ಕಳ ಮುಂದೆ ಇಡಬಹುದೇ?

ಉತ್ತರ: ಮಾನ್ಯರೇ, ನಿಮ್ಮ ಅನುಮಾನ ನ್ಯಾಯವಾದುದು. ಆದರೆ ಅದು ತಟ್ಟಬೇಕಾದ ಜಾಗ ನೀವು ತೋರಿಸಿದ ಜಾಗಕ್ಕಿಂತ ಸ್ವಲ್ಪ ಮುಂದಿದೆ. ಈ ಲೆಕ್ಕದಲ್ಲಿ ಮೂರು ಮೆಟ್ಟಿಲುಗಳಿವೆ. 200 ನಾಣ್ಯಗಳಿಂದ 80 ಅಚ್ಚುಗಳಿಗೆ ಬರುವುದು ಕಣ್ಣಿನ ಕೆಲಸ. 80ರಿಂದ 133ಕ್ಕೆ ಹೋಗುವುದು ಸಂಖ್ಯಾಶಾಸ್ತ್ರದ ಕೆಲಸ. 133ರಿಂದ 26 ಲಕ್ಷಕ್ಕೆ ಹಾರುವುದಕ್ಕೆ ಮಾತ್ರ ಆಧಾರ ತೀರಾ ತೆಳುವಾದುದು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಮೊದಲೆರಡರ ಗಟ್ಟಿತನ ಮೂರನೆಯದಕ್ಕೂ ಇದೆಯೆಂಬ ಭ್ರಮೆ ಹುಟ್ಟುತ್ತದೆ, ಅಥವಾ ಮೂರನೆಯದರ ಸಡಿಲತನ ಕಂಡವರು ಮೊದಲೆರಡನ್ನೂ ತಳ್ಳಿಹಾಕುತ್ತಾರೆ. ಎರಡೂ ತಪ್ಪು.

ಮೊದಲು ನಾಣ್ಯ ಹುಟ್ಟುತ್ತಿದ್ದ ಬಗೆಯನ್ನು ನೋಡೋಣ. ಗ್ರೀಕ್ ಟಂಕಸಾಲೆಯಲ್ಲಿ ಒಂದು ಅಚ್ಚನ್ನು ಕಮ್ಮಾರರ ಅಡಿಗಲ್ಲಿನಲ್ಲಿ ಅಲುಗದಂತೆ ಕೂರಿಸುತ್ತಿದ್ದರು. ಅದನ್ನು ಇಲ್ಲಿ ಕೆಳಅಚ್ಚು ಎನ್ನುತ್ತೇನೆ, ನಾಣ್ಯದ ಮುಂಭಾಗ ಮೂಡುವುದು ಅದರಿಂದ. ಅದರ ಮೇಲೆ ತೂಕ ಸರಿಮಾಡಿದ ಬೆಳ್ಳಿ ಬಿಲ್ಲೆಯನ್ನಿಟ್ಟು, ಹಿಂಭಾಗದ ಚಿತ್ರ ಕೆತ್ತಿದ ಮೇಲಚ್ಚನ್ನು ಕೈಯಲ್ಲಿ ಹಿಡಿದು, ಅದರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಏಟು ನೇರವಾಗಿ ಬೀಳುವುದು ಮೇಲಚ್ಚಿಗೆ, ಆದ್ದರಿಂದ ಅದು ಬೇಗ ಒಡೆಯುತ್ತದೆ. ಕೆಳಅಚ್ಚಿಗೆ ಅಡಿಗಲ್ಲಿನ ಆಸರೆಯೂ ನಡುವೆ ಬಿಲ್ಲೆಯ ಮೆತ್ತೆಯೂ ಇರುವುದರಿಂದ ಅದು ಹೆಚ್ಚು ಕಾಲ ಬಾಳುತ್ತದೆ. ಉತ್ಪಾದನೆಯ ಅಂದಾಜಿಗೆ ನಾವು ಕೆಳಅಚ್ಚುಗಳನ್ನೇ ಎಣಿಸುವುದು ಇದೇ ಕಾರಣಕ್ಕೆ.

ಪ್ರತಿ ಅಚ್ಚನ್ನೂ ಕೈಯಿಂದಲೇ ಕೆತ್ತುತ್ತಿದ್ದುದರಿಂದ ಯಾವ ಎರಡು ಅಚ್ಚುಗಳೂ ಒಂದೇ ತೆರನಾಗಿರಲು ಸಾಧ್ಯವಿರಲಿಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ನೆನಪಿಸಿಕೊಳ್ಳಿ. ಮರದ ಅಚ್ಚಿನಲ್ಲಿ ಗಿಳಿಯ ಕೊಕ್ಕು ಮುರಿದಿದ್ದರೆ ಆ ಅಚ್ಚಿನಿಂದ ಬಂದ ಗಿಳಿಗಳಿಗೆಲ್ಲ ಮುರಿದ ಕೊಕ್ಕೇ ಇರುತ್ತದೆ. ಪಕ್ಕದ ಮನೆಯಿಂದ ಬಂದ ಎಳ್ಳುಬೆಲ್ಲದ ತಟ್ಟೆಯಲ್ಲೂ ಅದೇ ಮುರಿದ ಕೊಕ್ಕು ಕಂಡರೆ ಎರಡು ಮನೆಯವರೂ ಒಂದೇ ಅಚ್ಚನ್ನು ಹಂಚಿಕೊಂಡಿದ್ದಾರೆಂದು ಅಜ್ಜಿಯೇ ಹೇಳಿಬಿಡುತ್ತಾಳೆ. ನಾಣ್ಯದಲ್ಲೂ ಹಾಗೆಯೇ: ಅದರ ಮೇಲಿನ ಅಥೇನಾದೇವಿಯ ಕಿವಿಯೋಲೆಗೂ ಕೆನ್ನೆಗೂ ನಡುವಿನ ಅಂತರ, ಶಿರಸ್ತ್ರಾಣದ ಎಲೆಯ ತುದಿ ಕೂದಲಿನ ಯಾವ ಎಳೆಗೆ ತಾಗುತ್ತದೆ, ಅಕ್ಷರವೊಂದರ ಕಾಲು ಎಷ್ಟು ವಾಲಿದೆ ಎಂಬಂಥ ಸಣ್ಣ ಗುರುತುಗಳನ್ನು ಹಿಡಿದು ನಾವು ಅಚ್ಚನ್ನು ಗುರುತಿಸುತ್ತೇವೆ. 1929ರಲ್ಲಿ ಎರಿಶ್ ಬೋರಿಂಗರ್ ಸಿಸಿಲಿಯ ಗ್ರೀಕ್ ನಗರ ಸಿರಾಕ್ಯೂಸಿನ ನಾಣ್ಯಗಳನ್ನು ಹೀಗೆ ಅಚ್ಚಿನಿಂದ ಅಚ್ಚಿಗೆ ಕೊಂಡಿ ಹಾಕಿ ಜೋಡಿಸಿದ ಕೆಲಸ ಇಂದಿಗೂ ಈ ವಿದ್ಯೆಯ ಮಾದರಿಯಾಗಿ ಉಳಿದಿದೆ.

ಈ ಹಂತದಲ್ಲಿ ತಪ್ಪೇ ಆಗದೆಂದು ಹೇಳುತ್ತಿಲ್ಲ. ನನ್ನ ಮೊದಲ ಅಚ್ಚೆಣಿಕೆಯಲ್ಲಿ ಒಂದೇ ಕೆಳಅಚ್ಚನ್ನು ಎರಡೆಂದು ಬರೆದಿದ್ದೆ. ಒಂದು ಗುಂಪಿನ ನಾಣ್ಯಗಳಲ್ಲಿ ದೇವತೆಯ ಮೂಗಿನಿಂದ ಅಂಚಿನವರೆಗೆ ದಪ್ಪ ಗೆರೆಯೊಂದು ಉಬ್ಬಿತ್ತು, ಕೂದಲಿನ ಎಳೆಗಳೂ ಒರಟಾಗಿದ್ದವು. ಇನ್ನೊಂದು ಗುಂಪಿನಲ್ಲಿ ಎರಡೂ ಇರಲಿಲ್ಲ. ಅಚ್ಚು ಬಿರುಕು ಬಿಟ್ಟರೆ ಆ ಸೀಳಿಗೆ ಬೆಳ್ಳಿ ನುಗ್ಗಿ ನಾಣ್ಯದ ಮೇಲೆ ಉಬ್ಬುಗೆರೆಯಾಗುತ್ತದೆ, ಸವೆದ ಕೂದಲನ್ನು ಕೆತ್ತನೆಗಾರ ಮತ್ತೆ ಉಳಿಯಿಂದ ತಿದ್ದಿರಬಹುದು ಎಂಬುದು ಪುಸ್ತಕದಿಂದ ಗೊತ್ತಿತ್ತು, ಕಣ್ಣಿಗೆ ಮಾತ್ರ ಹೊಳೆದಿರಲಿಲ್ಲ. ಎರಡೂ ಗುಂಪಿನ ಅಚ್ಚುಮುದ್ರೆಗಳನ್ನು ಪ್ಲಾಸ್ಟರಿನಲ್ಲಿ ತೆಗೆದು ಅಕ್ಕಪಕ್ಕ ಇಟ್ಟು, ಒಂದೇ ಕಡೆಯಿಂದ ಓರೆ ಬೆಳಕು ಬಿಟ್ಟಾಗ ಕಣ್ಣುರೆಪ್ಪೆಯ ಕೆಳಗಿನ ಒಂದು ಚುಕ್ಕೆ ಎರಡರಲ್ಲೂ ಅದೇ ಜಾಗದಲ್ಲಿ ಕಂಡಿತು. ಅಂಥ ತಪ್ಪುಗಳು ಇನ್ನೊಬ್ಬರು ಮರುಪರಿಶೀಲಿಸಿದಾಗ ಸಿಕ್ಕಿಬೀಳುತ್ತವೆ. ಹಾಗಾಗಿ ನಿಮ್ಮ ಉದಾಹರಣೆಯ 80 ಎಂಬ ಸಂಖ್ಯೆಯನ್ನು, ಒಂದೆರಡರ ವ್ಯತ್ಯಾಸವಿಟ್ಟುಕೊಂಡು, ನಂಬಬಹುದು.

ಇನ್ನು ಕಾಣದ ಅಚ್ಚುಗಳ ವಿಷಯ. ಸಕ್ಕರೆ ಅಚ್ಚಿನ ತಟ್ಟೆಗೇ ಮರಳಿದರೆ, ಊರಿನ ಮನೆಮನೆಗಳಿಂದ ಬಂದ ಗಿಳಿಗಳಲ್ಲಿ ಹೊಸದಾಗಿ ಕೈಗೆತ್ತಿಕೊಂಡದ್ದೆಲ್ಲ ಈಗಾಗಲೇ ನೋಡಿದ ಅಚ್ಚಿನದೇ ಆಗಿದ್ದರೆ, ಊರಿನ ಬಹುಪಾಲು ಅಚ್ಚುಗಳನ್ನು ನೋಡಿದಂತಾಯಿತು. ಪ್ರತಿಯೊಂದೂ ಹೊಸ ಅಚ್ಚಿನದಾಗಿದ್ದರೆ ನೋಡದೆ ಉಳಿದವು ಇನ್ನೂ ಬಹಳ ಇವೆ. ಈ ಅರಿವಿಗೆ ಲೆಕ್ಕದ ರೂಪ ಕೊಟ್ಟವರು ನಾಣ್ಯಶಾಸ್ತ್ರದವರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲನ್ ಟ್ಯೂರಿಂಗ್ ಅವರಿಗೆ ಹೊಳೆದ ವಿಚಾರವನ್ನು ಐ. ಜೆ. ಗುಡ್ 1953ರಲ್ಲಿ ಪ್ರಕಟಿಸಿದರು. ಮಾದರಿಯಲ್ಲಿ, ಅಂದರೆ ನಮ್ಮ ಕೈಗೆ ಸಿಕ್ಕವುಗಳಲ್ಲಿ, ಒಂದೇ ಒಂದು ಸಲ ಕಾಣಿಸಿಕೊಂಡವುಗಳ ಸಂಖ್ಯೆಯನ್ನು ಮಾದರಿಯ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ, ಇನ್ನೂ ಕಾಣದವುಗಳ ಪಾಲು ಎಷ್ಟೆಂದು ಸುಮಾರಾಗಿ ತಿಳಿಯುತ್ತದೆ ಎಂಬುದು ಅದರ ಸಾರ.

ನಿಮ್ಮ 80 ಅಚ್ಚುಗಳಲ್ಲಿ 32 ಅಚ್ಚುಗಳಿಗೆ ತಲಾ ಒಂದೇ ನಾಣ್ಯ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಇವನ್ನು ಒಂಟಿ ಅಚ್ಚುಗಳು ಎನ್ನೋಣ. 32ನ್ನು 200ರಿಂದ ಭಾಗಿಸಿದರೆ ಶೇ. 16. ಎಂದರೆ ಆ ನಗರ ಟಂಕಿಸಿದ ನಾಣ್ಯಗಳಲ್ಲಿ ಸುಮಾರು ಶೇ. 84ರಷ್ಟು ನಾವು ಈಗಾಗಲೇ ನೋಡಿರುವ 80 ಅಚ್ಚುಗಳಿಂದಲೇ ಬಂದವು, ಉಳಿದ ಶೇ. 16 ಕಾಣದ ಅಚ್ಚುಗಳಿಂದ ಬಂದವು. ಎಲ್ಲ ಅಚ್ಚುಗಳೂ ಸಮನಾಗಿ ಬಾಳಿದವೆಂದು ಇಲ್ಲಿ ಊಹಿಸಿಕೊಳ್ಳಬೇಕಾಗಿಲ್ಲ. ಈ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಲೆಕ್ಕ ಇದು.

ಆದರೆ ಕಾಣದ ಅಚ್ಚುಗಳು ಎಷ್ಟು ಎಂದು ಕೇಳಿದ ಕೂಡಲೇ ಊಹೆ ಒಳಬರುತ್ತದೆ. ಎಲ್ಲ ಅಚ್ಚುಗಳೂ ಒಂದೇ ಸಮನಾಗಿ ನಾಣ್ಯ ಕೊಟ್ಟವು ಎಂದುಕೊಂಡರೆ, ಇದೇ 200 ಮತ್ತು 80ರಿಂದ ಮೂಲದಲ್ಲಿ ಸುಮಾರು 90 ಅಚ್ಚುಗಳಿದ್ದವು ಎಂಬ ಉತ್ತರ ಬರುತ್ತದೆ. ಕೆಲವು ಅಚ್ಚುಗಳು ಮೊದಲ ದಿನವೇ ಒಡೆದವು, ಕೆಲವು ಬಹುಕಾಲ ಬಾಳಿದವು ಎಂದುಕೊಂಡರೆ, ನಾಣ್ಯಗಳ ಸಂಖ್ಯೆಯನ್ನು ಅಚ್ಚುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಅವೆರಡರ ವ್ಯತ್ಯಾಸದಿಂದ ಭಾಗಿಸುವ ಸೂತ್ರ ಹೊಂದುತ್ತದೆ: 200 × 80 ÷ 120 = 133. ನಿಮ್ಮ ಪಾಠ ಕೊಟ್ಟ ಅಂಕಿ ಇದೇ. ಇದಲ್ಲದೆ ಗೈಲ್ಸ್ ಕಾರ್ಟರ್ 1983ರಲ್ಲಿ ಮುಂದಿಟ್ಟ ಇನ್ನೊಂದು ಸರಳ ಸೂತ್ರವೂ ಬಹುಕಾಲ ಬಳಕೆಯಲ್ಲಿತ್ತು. ಆಮೇಲೆ ಗಣಿತಜ್ಞ ವಾರೆನ್ ಎಸ್ಟಿ ಈ ಊಹೆಗಳನ್ನು ಒಂದೊಂದಾಗಿ ಬಿಡಿಸಿಟ್ಟು, ಅಂದಾಜಿನ ಜೊತೆಗೆ ಅದರ ಏರಿಳಿತದ ಮಿತಿಯನ್ನೂ ಹೇಳಬೇಕೆಂದು ಒತ್ತಾಯಿಸಿದರು. ಒಟ್ಟಿನಲ್ಲಿ 90ರಿಂದ 133ರವರೆಗಿನ ಯಾವುದೋ ಒಂದು ಸಂಖ್ಯೆ ಎಂಬುದು ನಿಮ್ಮ ಉದಾಹರಣೆಗೆ ತಕ್ಕ ಉತ್ತರ. ಕಾಣದ ಅಚ್ಚುಗಳು ಹೆಚ್ಚಾಗಿ ಬೇಗ ಸತ್ತ ಅಚ್ಚುಗಳು ಎಂಬುದನ್ನು ಇಲ್ಲಿಯೇ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಾದರಿಯ ನಾಣ್ಯಗಳು ಚೆನ್ನಾಗಿ ಬೆರೆತಿರಬೇಕು ಎಂಬ ಷರತ್ತೂ ಇದೆ. ಟಂಕಸಾಲೆಯಿಂದ ಹೊರಬಿದ್ದ ಕೂಡಲೇ ಯಾರೋ ಹೂತಿಟ್ಟ ನಿಧಿಯೊಂದು ಸಿಕ್ಕರೆ ಅದರಲ್ಲಿ ಒಂದೇ ಅಚ್ಚಿನ ನಾಣ್ಯಗಳು ಗುಂಪಾಗಿರುತ್ತವೆ. ಅವನ್ನೆಲ್ಲ ಹಾಗೆಯೇ ಸೇರಿಸಿದರೆ ಅಚ್ಚುಗಳ ಅಂದಾಜು ತಗ್ಗಿಬಿಡುತ್ತದೆ. ಉಳಿದ ನಾಣ್ಯ ಹೆಚ್ಚಿದ್ದರೆ ಟಂಕಿಸಿದ್ದೂ ಹೆಚ್ಚು ಎಂಬ ಸಾಮಾನ್ಯ ನಂಬಿಕೆ ಕೂಡ ಬೀಳುವುದು ಈ ನಿಧಿಗಳ ಮುಂದೆಯೇ. 1984ರಲ್ಲಿ ಟರ್ಕಿಯ ಎಲ್ಮಲಿಯ ಬಳಿ ಸುಮಾರು 1,900 ಬೆಳ್ಳಿ ನಾಣ್ಯಗಳ ನಿಧಿಯೊಂದು ಸಿಕ್ಕಿ, ಕಳ್ಳದಾರಿಯಲ್ಲಿ ಹೊರದೇಶಕ್ಕೆ ಹೋಗಿ, 1999ರಲ್ಲಿ ಟರ್ಕಿಗೆ ಮರಳಿತು. ಅಥೆನ್ಸಿನ ಹತ್ತು ದ್ರಾಕ್ಮಾ ಮೌಲ್ಯದ ನಾಣ್ಯಗಳು ಅದಕ್ಕೆ ಮುಂಚೆ ಇಡೀ ಜಗತ್ತಿನಲ್ಲಿ ಗೊತ್ತಿದ್ದುದು ಹತ್ತು-ಹದಿನೈದು ಮಾತ್ರ; ಈ ಒಂದೇ ನಿಧಿಯಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದವು. ಒಂದು ಗುದ್ದಲಿ ಏಟಿಗೆ ಉಳಿಕೆ ಇಮ್ಮಡಿಯಾಯಿತು, ಆದರೆ ಕ್ರಿ.ಪೂ. 5ನೇ ಶತಮಾನದ ಅಥೆನ್ಸ್ ಅದರಿಂದಾಗಿ ಒಂದು ನಾಣ್ಯವನ್ನೂ ಹೆಚ್ಚು ಟಂಕಿಸಿದಂತಾಗಲಿಲ್ಲ. ಉಳಿದ ನಾಣ್ಯಗಳ ತಲೆಯೆಣಿಕೆಗಿಂತ ಅಚ್ಚಿನ ಎಣಿಕೆ ಮೇಲು ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಈಗ ಮೂರನೇ ಮೆಟ್ಟಿಲು. ಒಂದು ಅಚ್ಚಿನಿಂದ 20,000 ನಾಣ್ಯ ಎಂಬುದು ಎಲ್ಲಿಂದ ಬಂತು?

ಗ್ರೀಕ್ ಜಗತ್ತಿನಲ್ಲಿ ಟಂಕಸಾಲೆಗೆ ಎಷ್ಟು ಬೆಳ್ಳಿ ಹೋಯಿತು ಎಂಬ ಬರಹವೂ, ಅದರಿಂದ ಬಂದ ನಾಣ್ಯಗಳೂ ಒಟ್ಟಿಗೆ ಉಳಿದ ಪ್ರಸಂಗ ಬಹಳ ಅಪರೂಪ. ಅಂಥದೊಂದು ಗ್ರೀಸಿನ ಪುಣ್ಯಕ್ಷೇತ್ರ ಡೆಲ್ಫಿಯದು. ಕ್ರಿ.ಪೂ. 373ರಲ್ಲಿ ನಾಶವಾದ ಅಪೊಲೊ ದೇವಾಲಯವನ್ನು ಮತ್ತೆ ಕಟ್ಟಲಾಗುತ್ತಿತ್ತು. ನಡುವೆ ಯುದ್ಧಕಾಲದಲ್ಲಿ ದೇವಾಲಯದ ಭಂಡಾರವನ್ನು ಬಾಚಿಕೊಂಡ ಸುತ್ತಲ ಫೋಕಿಸ್ ಪ್ರಾಂತ್ಯದವರು ದಂಡವನ್ನು ಕಂತುಗಳಲ್ಲಿ ಕಟ್ಟುತ್ತಿದ್ದರು. ದೇವಾಲಯದ ಆಡಳಿತ ನಡೆಸುತ್ತಿದ್ದ ಆಂಫಿಕ್ಟಿಯೊನಿ ಒಕ್ಕೂಟವು ಕ್ರಿ.ಪೂ. 330ರ ದಶಕದಲ್ಲಿ ಹಳೆಯ ನಾಣ್ಯಗಳನ್ನು ಕರಗಿಸಿ, ಮುಂದೆ ಸೆರಗು ಹೊದ್ದ ಡಿಮಿಟರ್ ದೇವಿಯ ತಲೆ, ಹಿಂದೆ ಕುಳಿತ ಅಪೊಲೊ ಇರುವ ತನ್ನದೇ ಸ್ಟೇಟರ್ ನಾಣ್ಯಗಳನ್ನು ಟಂಕಿಸಿತು. ಅದಕ್ಕೆ ಕೊಟ್ಟ ಹಣದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿತು. ಶಾಸನದ ಮೊತ್ತವನ್ನು ಅಚ್ಚುಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಅಚ್ಚಿನ ಫಲ ತಿಳಿಯಬೇಕು. 1983ರಲ್ಲಿ ಫಿಲಿಪ್ ಕಿನ್ಸ್ ಹೀಗೆ ಲೆಕ್ಕ ಹಾಕಿದಾಗ ಒಂದು ಕೆಳಅಚ್ಚಿಗೆ ಸುಮಾರು 23,000ದಿಂದ 47,000 ಸ್ಟೇಟರ್ ಎಂಬ ಉತ್ತರ ಬಂದಿತು. ಅತ್ಯುತ್ತಮ ಸಾಕ್ಷ್ಯ ಸಿಕ್ಕಿದ ಕಡೆಯಲ್ಲೇ ಉತ್ತರ ಒಂದಕ್ಕೆ ಎರಡರಷ್ಟು ಹಿಗ್ಗಿಕೊಂಡಿದೆ. ಇನ್ನೊಂದು ಕಡೆ, ಡೇವಿಡ್ ಸೆಲ್ವುಡ್ ಸ್ವತಃ ಅಚ್ಚು ಮಾಡಿ, ಬಿಲ್ಲೆ ಕಾಯಿಸಿ, ಸುತ್ತಿಗೆ ಬೀಸಿ ನಡೆಸಿದ ಪ್ರಯೋಗಗಳನ್ನು 1963ರಲ್ಲಿ ಪ್ರಕಟಿಸಿದರು. ಒಂದು ಕೆಳಅಚ್ಚಿನಿಂದ 10,000ಕ್ಕೂ ಮೀರಿ ನಾಣ್ಯ ತೆಗೆಯಬಹುದೆಂದು ಅವುಗಳಿಂದ ತಿಳಿಯಿತು. ಫ್ರಾಂಸ್ವಾ ದ ಕಲತಾಯ್ ಅವರಂಥ ವಿದ್ವಾಂಸರು ಬಳಸುವ 20,000 ಈ ಎರಡು ಬಗೆಯ ಸಾಕ್ಷ್ಯಗಳ ನಡುವೆ ನಿಂತ, ಕೆಲಸಕ್ಕೆ ಒದಗುವ ಸಂಖ್ಯೆ. ಅದು ಅಳತೆ ಮಾಡಿ ಕಂಡುಕೊಂಡದ್ದೆಂದು ಭಾವಿಸಬಾರದು.

ಇದಕ್ಕೆ ಅತ್ಯಂತ ಕಟುವಾದ ಆಕ್ಷೇಪ ಎತ್ತಿದವರು ಥಿಯೊಡೋರ್ ಬಟ್ರಿ. ಅಚ್ಚಿನ ಲೋಹ, ಬಿಲ್ಲೆಯ ಗಾತ್ರ, ಕೆಲಸಗಾರನ ಕೈ, ಟಂಕಸಾಲೆಯ ಅವಸರ ಇವೆಲ್ಲ ಬದಲಾದಂತೆ ಅಚ್ಚಿನ ಆಯುಸ್ಸೂ ಬದಲಾಗುತ್ತದೆ, ಆದ್ದರಿಂದ ಸರಾಸರಿಯೊಂದನ್ನು ಹಿಡಿದು ಒಟ್ಟು ನಾಣ್ಯ ಲೆಕ್ಕ ಹಾಕಲು ಆಗುವುದೇ ಇಲ್ಲ ಎಂದು ಅವರು 1993 ಮತ್ತು 1994ರಲ್ಲಿ ವಾದಿಸಿದರು. ಲೆಕ್ಕಪುಸ್ತಕಗಳು ಉಳಿದಿರುವ ಮಧ್ಯಯುಗದ ಇಂಗ್ಲೆಂಡಿನಲ್ಲೂ ಒಂದು ಅಚ್ಚಿನ ಸರಾಸರಿ ಫಲ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿದದ್ದು ಅವರ ಮಾತಿಗೆ ಬಲ ಕೊಡುತ್ತದೆ. 1995ರಲ್ಲಿ ಕಲತಾಯ್ ಉತ್ತರಿಸುತ್ತ, ನಿಖರ ಸಂಖ್ಯೆ ಸಿಗದಿದ್ದರೂ ಪ್ರಮಾಣದ ಅಂದಾಜು ಸಿಗುತ್ತದೆ, ಅದನ್ನೂ ಬಿಟ್ಟುಕೊಟ್ಟರೆ ಪ್ರಾಚೀನ ಹಣಕಾಸಿನ ಬಗ್ಗೆ ಮಾತೇ ಆಡುವಂತಿಲ್ಲ ಎಂಬ ನಿಲುವು ತಳೆದರು. ನಾನು ಕಲತಾಯ್ ಅವರ ಕಡೆಗೇ ವಾಲುತ್ತೇನೆ. ಆದರೆ ಬಟ್ರಿ ಅವರನ್ನು ಓದದೆ ಈ ಲೆಕ್ಕಕ್ಕೆ ಕೈ ಹಾಕಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ.

ನಿಮ್ಮ ಪಾಠದ ಲೆಕ್ಕದಲ್ಲಿ ಒಂದು ನಿಜವಾದ ದೋಷವೂ ಇದೆ. 133 ಎಂಬ ಸಂಖ್ಯೆ ಬಂದದ್ದು ಬಹಳಷ್ಟು ಅಚ್ಚುಗಳು ಬೇಗ ಸತ್ತವು ಎಂಬ ಊಹೆಯಿಂದ. ಆ 133ಕ್ಕೂ, ಚೆನ್ನಾಗಿ ಬಾಳಿದ ಅಚ್ಚಿಗೆ ಸಲ್ಲುವ 20,000ವನ್ನೇ ಕೊಟ್ಟು ಗುಣಿಸಿದರೆ, ಒಂದು ಕಡೆ ಅಲ್ಪಾಯು ಎಂದ ಅಚ್ಚುಗಳನ್ನೇ ಇನ್ನೊಂದು ಕಡೆ ದೀರ್ಘಾಯು ಮಾಡಿದಂತಾಗುತ್ತದೆ. ನಾವು ನೋಡಿದ 80 ಅಚ್ಚುಗಳೇ ಒಟ್ಟು ಉತ್ಪಾದನೆಯ ಶೇ. 84ರಷ್ಟನ್ನು ಕೊಟ್ಟಿವೆ ಎಂದ ಮೇಲೆ, ಉಳಿದ 53 ಅಚ್ಚುಗಳ ಪಾಲು ಶೇ. 16 ಮಾತ್ರ. ಗುಣಕವನ್ನು, ಅಂದರೆ ಒಂದು ಅಚ್ಚಿಗೆ ಇಷ್ಟು ನಾಣ್ಯ ಎಂಬ ಸಂಖ್ಯೆಯನ್ನು, ಯಾವ ಅಚ್ಚುಗಳ ಸರಾಸರಿಯಿಂದ ಪಡೆದರು ಎಂದು ಕೇಳದೆ ಗುಣಿಸುವುದು ಪ್ರಕಟಿತ ಬರಹಗಳಲ್ಲೂ ಆಗಾಗ ಕಾಣುವ ತಪ್ಪು.

ಆದರೂ ಎರಡು ಕೊನೆಗಳನ್ನು ನೋಡಿಬಿಡೋಣ. 90 ಅಚ್ಚು, ತಲಾ 10,000 ಎಂದರೆ 9 ಲಕ್ಷ ನಾಣ್ಯ. 133 ಅಚ್ಚು, ತಲಾ 40,000 ಎಂದರೆ 53 ಲಕ್ಷ. ಅಥೆನ್ಸಿನ ತೂಕದಲ್ಲಿ ನಾಲ್ಕು ದ್ರಾಕ್ಮಾದ ನಾಣ್ಯ ಸುಮಾರು 17.2 ಗ್ರಾಂ, 6,000 ದ್ರಾಕ್ಮಾಕ್ಕೆ, ಅಂದರೆ ಇಂಥ 1,500 ನಾಣ್ಯಕ್ಕೆ ಒಂದು ಟ್ಯಾಲೆಂಟ್. ಹಾಗಾದರೆ ಕಡಿಮೆ ಎಂದರೆ 600 ಟ್ಯಾಲೆಂಟ್, ಹೆಚ್ಚೆಂದರೆ 3,500ಕ್ಕೂ ಮಿಕ್ಕು. ಸ್ಪಾರ್ಟಾದೊಂದಿಗಿನ ಪೆಲೊಪೊನೀಸಿಯನ್ ಯುದ್ಧದ ಆರಂಭದಲ್ಲಿ ಮಿತ್ರರಾಜ್ಯಗಳಿಂದ ಅಥೆನ್ಸಿಗೆ ವರ್ಷಕ್ಕೆ ಸುಮಾರು 600 ಟ್ಯಾಲೆಂಟ್ ಕಪ್ಪ ಬರುತ್ತಿತ್ತೆಂದು ಗ್ರೀಕ್ ಇತಿಹಾಸಕಾರ ಥೂಸಿಡಿಡೀಸ್ ಬರೆದಿದ್ದಾನೆ. ಅಂದರೆ ನಿಮ್ಮ ಉದಾಹರಣೆಯ ನಗರ ಆ ಒಂದು ವರ್ಷದ ಕಪ್ಪದಷ್ಟು ಟಂಕಿಸಿತೋ, ಆರು ವರ್ಷದ ಕಪ್ಪದಷ್ಟು ಟಂಕಿಸಿತೋ ಎಂಬುದು ತೀರ್ಮಾನವಾಗದೆ ಉಳಿಯುತ್ತದೆ. ಅರ್ಥಶಾಸ್ತ್ರದವರಾದ ನಿಮಗೆ ಇದು ಸಣ್ಣ ವ್ಯತ್ಯಾಸವಲ್ಲ.

ಉಪನ್ಯಾಸದಲ್ಲಿ ಏನು ಹೇಳಬಹುದು ಎಂದು ಕೇಳಿದ್ದೀರಿ. ಎಲ್ಲಕ್ಕಿಂತ ಸುರಕ್ಷಿತ ದಾರಿ ಅಚ್ಚುಗಳ ಸಂಖ್ಯೆಯಲ್ಲೇ ನಿಲ್ಲುವುದು, ಆದರೆ 80 ಅಚ್ಚು ಎಂದರೆ ಮಕ್ಕಳ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ನಾನು ಇಷ್ಟಪಡುವುದು ಹೋಲಿಕೆಯ ದಾರಿಯನ್ನು. ಒಂದೇ ಕಾಲದ, ಒಂದೇ ತೂಕದ, ಒಂದೇ ಬಗೆಯ ಕೈಕೆಲಸದ ಎರಡು ಟಂಕಸಾಲೆಗಳಲ್ಲಿ ಒಂದರಲ್ಲಿ 20 ಅಚ್ಚು, ಇನ್ನೊಂದರಲ್ಲಿ 120 ಅಚ್ಚು ಇದ್ದರೆ, ಎರಡನೆಯದು ಮೊದಲನೆಯದಕ್ಕಿಂತ ಸುಮಾರು ಆರು ಪಟ್ಟು ದುಡಿದಿದೆ ಎನ್ನಬಹುದು. ಗುಣಕ ಯಾವುದೇ ಆಗಿರಲಿ, ಎರಡೂ ಕಡೆ ಒಂದೇ ಆಗಿದ್ದರೆ ಹೋಲಿಕೆಗೆ ಧಕ್ಕೆಯಿಲ್ಲ. ಅಪಾಯವಿರುವುದು ಬೇರೆ ಬೇರೆ ಗಾತ್ರದ ನಾಣ್ಯಗಳನ್ನು, ಇಲ್ಲವೇ ಶತಮಾನಗಳ ಅಂತರದ ಟಂಕಸಾಲೆಗಳನ್ನು ಹೋಲಿಸಿದಾಗ. ಅಚ್ಚು ಸವೆದು ಸಾಯುವವರೆಗೂ ಬಳಸಿದರೇ ಎಂಬುದನ್ನೂ ನೋಡಬೇಕು. ತುರ್ತಾಗಿ ಒಂದಿಷ್ಟು ಸೈನಿಕರ ಸಂಬಳಕ್ಕೆಂದು ಟಂಕಿಸಿ ನಿಲ್ಲಿಸಿದ ಸಣ್ಣ ನಗರದ ಅಚ್ಚು ಇನ್ನೂ ಗಟ್ಟಿಯಾಗಿರುವಾಗಲೇ ಮೂಲೆ ಸೇರಿರಬಹುದು.

ವರ್ಷಕ್ಕೆ ಇಷ್ಟು ಎಂದು ಹೇಳಲು ಹೊರಟರೆ ಇನ್ನೊಂದು ತೊಡಕಿದೆ. ಕ್ರಿ.ಪೂ. 2ನೇ ಶತಮಾನದ ಅಥೆನ್ಸಿನ 'ಹೊಸ ಶೈಲಿ'ಯ ನಾಣ್ಯಗಳ ಹಿಂಭಾಗದಲ್ಲಿ ಗೂಬೆ ಒಂದು ಹೂಜಿಯ ಮೇಲೆ ನಿಂತಿರುತ್ತದೆ, ಹೂಜಿಯ ಮೇಲೆ ತಿಂಗಳನ್ನು ಸೂಚಿಸುವ ಅಕ್ಷರವಿರುತ್ತದೆ. ಒಂದೇ ಕೆಳಅಚ್ಚು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ದುಡಿಯಿತೆಂದು ಇಲ್ಲಿ ಕಣ್ಣಾರೆ ಕಾಣಬಹುದು, ಇಂಥ ಭಾಗ್ಯ ಬೇರೆ ಕಡೆ ವಿರಳ. ಮಾರ್ಗರೆಟ್ ಥಾಂಪ್ಸನ್ 1961ರಲ್ಲಿ ಈ ಇಡೀ ಸರಣಿಯನ್ನು ಅಚ್ಚು ಅಚ್ಚಾಗಿ ಜೋಡಿಸಿ ಕ್ರಿ.ಪೂ. 196ರ ಹೊತ್ತಿಗೆ ಅದರ ಆರಂಭವನ್ನಿಟ್ಟರು. ಮರುವರ್ಷವೇ ಡೇವಿಡ್ ಲೂಯಿಸ್ ಅದನ್ನು ಮೂವತ್ತಕ್ಕೂ ಹೆಚ್ಚು ವರ್ಷ ಕೆಳಗಿಳಿಸಬೇಕೆಂದರು, ಇಂದು ಬಹುತೇಕರು ಒಪ್ಪಿರುವುದು ಇಳಿಸಿದ ಕಾಲವನ್ನೇ. ಅಚ್ಚುಗಳ ಜೋಡಣೆ ಬಹುಪಾಲು ಹಾಗೆಯೇ ನಿಂತಿತು, ಆದರೆ ಯಾವ ಯುದ್ಧಕ್ಕೆ, ಯಾವ ಒಪ್ಪಂದಕ್ಕೆ ಆ ಬೆಳ್ಳಿ ಹೋಯಿತು ಎಂದು ಅದರ ಮೇಲೆ ಕಟ್ಟಿದ ಕಥೆಗಳನ್ನೆಲ್ಲ ಮತ್ತೆ ಬರೆಯಬೇಕಾಯಿತು.

ಅಂಕಿ ಕೊಡಲೇಬೇಕಾದರೆ ಎರಡು ಕೊನೆಗಳನ್ನೂ ಕೊಡಿ, ಗುಣಕ ಎಷ್ಟೆಂದು ಬಾಯಿಬಿಟ್ಟು ಹೇಳಿ. ಬಂದ ಮೊತ್ತವನ್ನು ಆ ನಗರದ 'ಹಣದ ಪೂರೈಕೆ' ಎಂದು ಮಾತ್ರ ಕರೆಯಬೇಡಿ; ನಿಮ್ಮ ಶಾಸ್ತ್ರದ ಆ ಪದ ಇಲ್ಲಿ ದಾರಿ ತಪ್ಪಿಸುತ್ತದೆ. ಡೆಲ್ಫಿಯಲ್ಲಾದಂತೆ ಹಳೆಯ ನಾಣ್ಯ ಕರಗಿ ಹೊಸದಾಗುತ್ತಿತ್ತು. ಎಷ್ಟೋ ಕಡೆ ಪರ ಊರಿನ ನಾಣ್ಯವನ್ನು ಕರಗಿಸದೆಯೇ ಅದರ ಮೇಲೆ ತಮ್ಮ ಅಚ್ಚನ್ನೊತ್ತುತ್ತಿದ್ದರು, ಕೆಳಗಿನ ಹಳೆಯ ಚಿತ್ರದ ಅಂಚು ಇಂದಿಗೂ ಇಣುಕುತ್ತಿರುತ್ತದೆ. ಒಂದೇ ಬೆಳ್ಳಿ ಎರಡು ನಗರಗಳ ಲೆಕ್ಕದಲ್ಲೂ ಸೇರಿಕೊಳ್ಳುತ್ತದೆ. ಟಂಕಿಸಿದ ನಾಣ್ಯದಲ್ಲಿ ಒಂದು ಪಾಲು ಕೂಲಿ ಸೈನಿಕರ ಚೀಲದಲ್ಲಿ ಏಷ್ಯಾಕ್ಕೋ ಈಜಿಪ್ಟಿಗೋ ಹೊರಟುಹೋಗಿ, ಊರಿನ ಸಂತೆಯನ್ನು ಕಂಡೇ ಇರುವುದಿಲ್ಲ.

ನಿಮ್ಮ ಫಲಕಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: "ಉಳಿದ 200 ನಾಣ್ಯಗಳಲ್ಲಿ 80 ಕೆಳಅಚ್ಚುಗಳು ಕಂಡಿವೆ, ಇವು ಒಟ್ಟು ಉತ್ಪಾದನೆಯ ಸುಮಾರು ಶೇ. 84ರಷ್ಟನ್ನು ಕೊಟ್ಟಿವೆ. ಮೂಲದಲ್ಲಿದ್ದ ಅಚ್ಚುಗಳು 90ರಿಂದ 133. ಒಂದು ಅಚ್ಚಿಗೆ 10,000ದಿಂದ 40,000 ಎಂದು ಹಿಡಿದರೆ ಒಟ್ಟು ನಾಣ್ಯ 9 ಲಕ್ಷಕ್ಕೂ 53 ಲಕ್ಷಕ್ಕೂ ನಡುವೆ." ಮಕ್ಕಳಲ್ಲಿ ಯಾರಾದರೂ ಎದ್ದು ಆ 40,000 ಎಲ್ಲಿಂದ ಬಂತು ಎಂದು ಕೇಳಿದರೆ, ಡೆಲ್ಫಿಯ ಕಲ್ಲಿನ ಕಥೆಯನ್ನು ಹೇಳಿ.